ಚಿಗರಿ ಅಂದ್ರೆ ಬರೀ ಬಸ್ಸಾ?

ಪ್ರಶ್ನೆ: ನಾವು ಹುಬ್ಬಳ್ಳಿಯ ಉಣಕಲ್ ಹತ್ತಿರ ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಲ್ಲಿ ಇದ್ದೇವೆ. ಮಗನಿಗೆ ಒಂಬತ್ತು ವರ್ಷ, ನಾಲ್ಕನೇ ಕ್ಲಾಸು. ಮಗಳಿಗೆ ಐದು. ಮಗ ಯೂಟ್ಯೂಬಿನಲ್ಲಿ ಹಿಮಕರಡಿ, ಪೆಂಗ್ವಿನ್ ನೋಡಿ ಗಂಟೆಗಟ್ಟಲೆ ಮಾತಾಡುತ್ತಾನೆ. ಆದರೆ ನಮ್ಮ ಗೇಟಿನ ಮುಂದಿನ ಗಿಡದ ಹೆಸರು ಕೇಳಿದರೆ ಗೊತ್ತಿಲ್ಲ. ಇರುವೆ ಕಂಡರೆ ಚಪ್ಪಲಿಯಿಂದ ಹೊಸಕುತ್ತಾನೆ. ಇತ್ತೀಚೆಗೆ ರಾತ್ರಿ ಮಲಗುವಾಗ "ಮಮ್ಮಿ, ಭೂಮಿ ಬಿಸಿಯಾಗಿ ನಾವೆಲ್ಲ ಸಾಯ್ತೀವಾ?" ಅಂತ ಅಳುತ್ತಾನೆ. ಶಾಲೆಯಲ್ಲಿ 'ಭೂಮಿ ಉಳಿಸಿ' ಪ್ರಾಜೆಕ್ಟ್ ಕೊಟ್ಟಿದ್ದರು. ಥರ್ಮಾಕೋಲ್‌ನಲ್ಲಿ ಭೂಮಿ ಮಾಡಿಕೊಟ್ಟೆ. ಆಮೇಲೆ ನನಗೇ ನಗು ಬಂತು. ನಾವಿಬ್ಬರೂ ಕೆಲಸಕ್ಕೆ ಹೋಗುವವರು. ಅತ್ತೆಯವರು ಮಕ್ಕಳಿಗೆ ಮಣ್ಣು ಮುಟ್ಟಲು ಬಿಡುವುದಿಲ್ಲ. ಬೇಸಿಗೆಯ ಪರಿಸರ ಶಿಬಿರಕ್ಕೆ ಸೇರಿಸಬೇಕಾ? ಎಲ್ಲಿಂದ ಶುರು ಮಾಡಲಿ?

ಉತ್ತರ: ಥರ್ಮಾಕೋಲ್ ಭೂಮಿಯ ಸುದ್ದಿ ಓದಿ ನಾನೂ ನಕ್ಕೆ. ಆದರೆ ನಗುವ ಹಕ್ಕು ನನಗಿಲ್ಲ. ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವನು ನಾನು. ಅಂಥ ಎಷ್ಟೋ ಭೂಮಿಗಳಿಗೆ ಹತ್ತಕ್ಕೆ ಒಂಬತ್ತು ಅಂಕ ಕೊಟ್ಟಿದ್ದೇನೆ. ವರ್ಷದ ಕೊನೆಗೆ ಅವನ್ನೆಲ್ಲ ಶಾಲೆಯ ಹಿಂದೆ ಒಟ್ಟಿ ಸುಡಿಸಿದ್ದೂ ಇದೆ. ಆ ಕರಿ ಹೊಗೆಯ ವಾಸನೆ ಇನ್ನೂ ಮೂಗಿನಲ್ಲಿದೆ.

ನಿಮ್ಮ ಪ್ರಶ್ನೆಗೆ ಬರುವ ಮೊದಲು ಒಂದು ಕೆಲಸ ಮಾಡಿ. ಉಣಕಲ್ಲಿನಲ್ಲಿ ಇದ್ದೀರಿ ಅಂದ ಮೇಲೆ ಧಾರವಾಡಕ್ಕೆ ಬರುವಾಗ ಬಿಆರ್‌ಟಿಎಸ್ ಬಸ್ಸು ಹತ್ತಿಯೇ ಇರುತ್ತೀರಿ. ಆ ಬಸ್ಸಿನ ಹೆಸರು ಚಿಗರಿ. ಚಿಗರಿ ಅಂದ್ರೆ ಏನು ಅಂತ ಮಗನನ್ನು ಕೇಳಿ. ನಾನು ಹೋದ ಕಡೆಯೆಲ್ಲ ಮಕ್ಕಳಿಗೆ ಇದನ್ನೇ ಕೇಳುತ್ತೇನೆ. "ಎಸಿ ಬಸ್ ರೀ ಸರ್" ಅನ್ನುತ್ತಾರೆ. ಒಬ್ಬಳು ಮಾತ್ರ ತಡೆದು ತಡೆದು "ಜಿಂಕಿ ಏನ್ರೀ?" ಅಂದಿದ್ದಳು. ಅವಳ ಅಜ್ಜನ ಊರು ರಾಣೆಬೆನ್ನೂರು ಕಡೆ.

ಚಿಗರಿ ಅಂದ್ರೆ ನಮ್ಮ ಕಡೆ ಕೃಷ್ಣಮೃಗ. ಗಂಡಿಗೆ ಕಪ್ಪು ಮೈ, ಹೊಟ್ಟೆ ಬಿಳಿ, ತಿರುಪಿನ ಹಾಗೆ ಸುತ್ತಿಕೊಂಡ ಉದ್ದ ಕೊಂಬು. ಹೆಣ್ಣು ಕಂದು ಬಣ್ಣ. ನಿಮ್ಮ ಮನೆಯಿಂದ ನೂರು ಕಿಲೋಮೀಟರ್ ಆಸುಪಾಸಿನಲ್ಲಿ ಹಿಂಡು ಹಿಂಡಾಗಿ ಓಡಾಡುತ್ತಿವೆ. ದಿನಾ ಅದರ ಹೆಸರಿನ ಬಸ್ಸು ಕಣ್ಣೆದುರು ಹೋಗುತ್ತದೆ. ಆದರೂ ಹುಡುಗನಿಗೆ ಗೊತ್ತಿರುವುದು ಹಿಮಕರಡಿ. ಇದರಲ್ಲಿ ಅವನ ತಪ್ಪೇನಿಲ್ಲ. ತೋರಿಸಿದ್ದನ್ನು ನೋಡಿದ್ದಾನೆ, ಅಷ್ಟೇ.

ಹಾಗಾಗಿ ನನ್ನ ಮಾತು ಒಂದೇ. ಮೊದಲು ಗುರುತು ಮಾಡಿಸಿ. ನಮ್ಮ ಓಣಿಯಲ್ಲಿ ಯಾರಿಗಾದರೂ ಹುಷಾರಿಲ್ಲ ಅಂದ್ರೆ ಕೆಲಸ ಬಿಟ್ಟು ಓಡುತ್ತೇವೆ. ಗುರುತಿಲ್ಲದ ಊರಿನ ಸುದ್ದಿಯಾದರೆ "ಅಯ್ಯೋ ಪಾಪ" ಅಂದು ಚಹಾ ಮುಗಿಸುತ್ತೇವೆ. ದೊಡ್ಡವರೇ ಹೀಗೆ, ಇನ್ನು ಮಕ್ಕಳು ಬೇರೆ ಥರ ಇರುತ್ತಾರಾ? ಹಿಮಕರಡಿಯ ಸಲುವಾಗಿ ನಿಮ್ಮ ಮಗ ಅಳಬಹುದು, ಹೆದರಬಹುದು. ಮಾಡಲು ಏನೂ ಇಲ್ಲ. ಗೇಟಿನ ಮುಂದಿನ ಗಿಡಕ್ಕಾದರೆ ಒಂದು ಬಕೆಟ್ ನೀರು ಹಾಕಬಲ್ಲ.

ಮೊದಲು ಆ ರಾತ್ರಿಯ ಅಳುವಿನ ವಿಷಯ, ಯಾಕಂದರೆ ಅದು ಕಾಯುವಂಥದ್ದಲ್ಲ. "ಛೇ, ಹಂಗೇನಿಲ್ಲ ಮಲಕೋ" ಅಂತ ಹಾರಿಸಬೇಡಿ. ಅವನು ಕೇಳಿದ್ದರಲ್ಲಿ ಅರ್ಧ ನಿಜ ಇದೆ, ಅದು ಅವನಿಗೂ ಗೊತ್ತು. "ನಾವು ಸಾಯೋದಿಲ್ಲ. ಬಿಸಿಲು ಜಾಸ್ತಿ ಆಗ್ತಿದೆ, ಮಳೆ ಹೊತ್ತು ತಪ್ತಿದೆ, ಅದು ಖರೇ. ಅದನ್ನ ಸರಿ ಮಾಡೋದು ದೊಡ್ಡವರ ಕೆಲಸ. ಬಹಳ ಜನ ಮಾಡ್ತಿದ್ದಾರೆ" ಅನ್ನಿ. ಇಷ್ಟು ಸಾಕು. ಈ ಮಾತನ್ನು ಹಗಲಿನಲ್ಲಿ, ಕೈಗೆ ಏನಾದರೂ ಕೆಲಸ ಇರುವಾಗ ಆಡಿ. ಬಟಾಣಿ ಸುಲಿಯುವಾಗ ಆಡಿದ ಮಾತು ಹಾಸಿಗೆಯಲ್ಲಿ ಆಡಿದ ಮಾತಿಗಿಂತ ಹಗುರ. ಮಲಗುವ ಮುಂಚೆ ಆ ವಿಡಿಯೋಗಳು ಬೇಡ. ಹತ್ತು ವರ್ಷದೊಳಗಿನ ಮಕ್ಕಳಿಗೆ ಪ್ರಳಯದ ಪಾಠ ಮಾಡುವುದು ನನಗೆ ಸರಿ ಕಾಣುವುದಿಲ್ಲ. ನಾವು ಕೆಡಿಸಿದ್ದರ ಲೆಕ್ಕವನ್ನು ನಾಲ್ಕನೇ ಕ್ಲಾಸಿನವನ ಪಾಟೀಚೀಲಕ್ಕೆ ತುಂಬುವುದು ಯಾವ ನ್ಯಾಯ? ವಾರಗಟ್ಟಲೆ ನಿದ್ದೆ, ಊಟ ಕೆಟ್ಟರೆ ಮಾತ್ರ ಮಕ್ಕಳ ಡಾಕ್ಟರಿಗೆ ತೋರಿಸಿ.

ಇನ್ನು ಇರುವೆ. ಹೊಸಕುವ ಹುಡುಗ ಕ್ರೂರಿ ಅಂತ ತಿಳಿಯಬೇಡಿ. ಪಕ್ಷಿತಜ್ಞ ಸಲೀಂ ಅಲಿ ಹುಡುಗನಾಗಿದ್ದಾಗ ಏರ್‌ಗನ್ನಿನಿಂದ ಗುಬ್ಬಿ ಹೊಡೆಯುತ್ತಿದ್ದರು. ಸುಮಾರು ಹತ್ತು ವರ್ಷದವರಿದ್ದಾಗ ಹೊಡೆದ ಒಂದು ಗುಬ್ಬಿಯ ಗಂಟಲಿನಲ್ಲಿ ಹಳದಿ ಮಚ್ಚೆ ಇತ್ತು. ಇದು ಯಾವ ಜಾತಿ ಅಂತ ಕೇಳಲು ಮಾವನ ಮಾತಿನಂತೆ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಹೋದರು. ಅಲ್ಲಿದ್ದ ಮಿಲ್ಲರ್ಡ್ ಎಂಬವರು ಗದರಲಿಲ್ಲ. ಕಪಾಟು ತೆಗೆದು, ಸಂಗ್ರಹಿಸಿಟ್ಟ ಹಕ್ಕಿಗಳನ್ನು ಒಂದೊಂದಾಗಿ ತೋರಿಸಿದರು. ದೇಶದ ಅಷ್ಟು ದೊಡ್ಡ ಪಕ್ಷಿತಜ್ಞ ಹುಟ್ಟಿದ್ದು ಆ ಕಪಾಟಿನ ಮುಂದೆ. ನೀವೂ ಗದರದೆ ಕಪಾಟು ತೆಗೆಯಿರಿ.

ನಿಮ್ಮ ಕಪಾಟು ಅಡುಗೆಮನೆಯಲ್ಲೇ ಇದೆ. ಭಾನುವಾರ ಬೆಳಗ್ಗೆ ಬಾಲ್ಕನಿಯಲ್ಲಿ ಚಿಟಿಕೆ ಸಕ್ಕರೆ ಇಡಿ. ಅರ್ಧ ಗಂಟೆಯಲ್ಲಿ ಒಂದು ಇರುವೆ ಬರುತ್ತದೆ, ತಿರುಗುತ್ತದೆ, ಹೋಗುತ್ತದೆ. ಆಮೇಲೆ ಸಾಲು ಶುರು. ಸಾಲು ಗಟ್ಟಿಯಾದ ಮೇಲೆ ಮಗನಿಗೆ ಹೇಳಿ, ಒದ್ದೆ ಬೆರಳಿನಿಂದ ಆ ಸಾಲಿನ ನಡುವೆ ಅಡ್ಡ ಗೆರೆ ಉಜ್ಜಲಿ. ಇರುವೆ ಮೇಲೆ ಅಲ್ಲ, ಎರಡು ಇರುವೆಗಳ ನಡುವೆ ಖಾಲಿ ಇರುವ ನೆಲದ ಮೇಲೆ. ಏನಾಗುತ್ತದೆ ನೋಡಿ. ಈ ಕಡೆಯಿಂದ ಬಂದದ್ದು ಗೆರೆಯ ಹತ್ತಿರ ಗಕ್ಕನೆ ನಿಲ್ಲುತ್ತದೆ. ಮೀಸೆ ಆಡಿಸುತ್ತದೆ. ಹಿಂದೆ ತಿರುಗುತ್ತದೆ. ಹಿಂದಿನದಕ್ಕೆ ಡಿಕ್ಕಿ. ಗೆರೆಯ ಎರಡೂ ಕಡೆ ಸಂತೆ ನೆರೆಯುತ್ತದೆ. ಕೊನೆಗೆ ಯಾವುದೋ ಒಂದು ಧೈರ್ಯ ಮಾಡಿ ದಾಟುತ್ತದೆ, ಹಿಂದೆಯೇ ಇನ್ನೊಂದು. ಸಾಲು ಮತ್ತೆ ಕೂಡಿಕೊಳ್ಳುತ್ತದೆ. ಇರುವೆ ಹೊಟ್ಟೆಯ ತುದಿಯಿಂದ ನೆಲಕ್ಕೆ ಒಂದು ವಾಸನೆ ಹಚ್ಚುತ್ತಾ ನಡೆಯುತ್ತದೆ, ಉಳಿದವು ಆ ವಾಸನೆ ಹಿಡಿದು ಬರುತ್ತವೆ. ನೀವು ಅಳಿಸಿದ್ದು ಅವುಗಳ ರಸ್ತೆ. ಈ ವಿವರಣೆಯನ್ನು ತಕ್ಷಣ ಹೇಳಬೇಡಿ. "ಯಾಕೆ ನಿಂತವು ಮಮ್ಮಿ?" ಅಂತ ಅವನೇ ಕೇಳುವವರೆಗೆ ಕಾಯಿರಿ. ಎರಡನೇ ಭಾನುವಾರ ಕೇಳಿದರೂ ನಡೆಯುತ್ತದೆ. ಇಷ್ಟು ಹೊತ್ತು ಇರುವೆಯ ಜತೆ ಕೂತವನು ಚಪ್ಪಲಿ ಎತ್ತುವಾಗ ಕೈ ಸ್ವಲ್ಪ ತಡೆಯುತ್ತದೆ. ಪೂರ್ತಿ ನಿಲ್ಲಿಸುತ್ತಾನೆ ಅಂತ ನಾನು ಮಾತು ಕೊಡಲಾರೆ.

ಗೇಟಿನ ಮುಂದಿನ ಗಿಡ ಯಾವುದು ಅಂತ ನೀವೂ ಬರೆದಿಲ್ಲ! ನಿಮಗೂ ಗೊತ್ತಿಲ್ಲ ಅಂತ ನನ್ನ ಗುಮಾನಿ. ತಪ್ಪಲ್ಲ. ಇಬ್ಬರೂ ಕೂಡಿ ಹುಡುಕಿ. ಅಮ್ಮನಿಗೆ ಗೊತ್ತಿಲ್ಲದ್ದನ್ನು ಅಮ್ಮನ ಜತೆ ಹುಡುಕುವ ಖುಷಿ ಬೇರೆಯೇ. ಎಲೆ ಹಿಡಿದು ಪಕ್ಕದ ಅಜ್ಜನನ್ನು ಕೇಳಿ, ಹೂ ಮಾರುವವರನ್ನು ಕೇಳಿ. ಫೋನಿನ ಆ್ಯಪ್ ಕೊನೆಗಿರಲಿ.

ಬೇವು ಅಂತ ಇಟ್ಟುಕೊಳ್ಳೋಣ. ನಮ್ಮ ಓಣಿಗಳಲ್ಲಿ ಬೇವು, ಹೊಂಗೆ, ಬಾದಾಮಿ, ಗುಲ್‌ಮೊಹರ್ ಇವೇ ಜಾಸ್ತಿ. ಆ ಒಂದು ಗಿಡ ಒಂದು ವರ್ಷ ನಿಮ್ಮ ಮಗನದು. ವಾರಕ್ಕೆ ಒಂದು ಸಲ ಐದು ನಿಮಿಷ ಸಾಕು. ಚಳಿ ಮುಗಿಯುವಾಗ ಎಲೆ ಹಳದಿಯಾಗಿ ಉದುರುತ್ತದೆ. ಯುಗಾದಿ ಹೊತ್ತಿಗೆ ಚಿಗುರು, ಹೂ. ಬೆಳಗಿನ ಹೊತ್ತು ಗಿಡದ ಕೆಳಗೆ ನಿಂತರೆ ಘಮ ಗೊತ್ತಾಗುತ್ತದೆ. ಮಳೆ ಶುರುವಾಗುವ ಹೊತ್ತಿಗೆ ಹಳದಿ ಹಣ್ಣು. ಕೆಳಗೆ ಬಿದ್ದ ಬೀಜಗಳಲ್ಲಿ ಎಷ್ಟಕ್ಕೆ ತಿರುಳು ಇದೆ, ಎಷ್ಟು ಬರೀ ಬೀಜ ಅಂತ ಮಗಳು ಎಣಿಸಲಿ. ಬರೀ ಬೀಜವಾದರೆ ಯಾವುದೋ ಹಕ್ಕಿ ತಿಂದು ಉಗುಳಿದೆ ಅಂತ ಲೆಕ್ಕ. ಹುಣಸೆ ಗಿಡ ಹತ್ತಿರ ಇದ್ದರೆ ಸಂಜೆ ಒಮ್ಮೆ ನೋಡಿ. ಎಲೆಗಳು ಜೋಡಿ ಜೋಡಿಯಾಗಿ ಮಡಚಿಕೊಂಡು ಮಲಗಿರುತ್ತವೆ. ಐದು ವರ್ಷದವರಿಗೆ ಇದಕ್ಕಿಂತ ದೊಡ್ಡ ಜಾದೂ ಇಲ್ಲ.

ಅಂದಹಾಗೆ, ನಾವು ಧಾರವಾಡದ ಕಡೆಯವರು ಐವತ್ತು ಅಡಿ ಬೇವಿಗೂ 'ಗಿಡ' ಅಂತಲೇ ಅನ್ನುತ್ತೇವೆ. ಮೈಸೂರು ಕಡೆಯ ಗೆಳೆಯರು ಕೇಳಿ ನಗುತ್ತಾರೆ. ನನಗಂತೂ ಅದರಲ್ಲಿ ಸಲಿಗೆ ಕಾಣುತ್ತದೆ. ಹೆಗಲೆತ್ತರ ಬೆಳೆದ ಮಗನನ್ನೂ 'ಕೂಸು' ಅಂದ ಹಾಗೆ.

ಗಿಡ ಹಚ್ಚಿಸುವುದಕ್ಕಿಂತ ಇದ್ದ ಗಿಡವನ್ನು ಗುರುತು ಮಾಡಿಸಿ ಅಂತ ನಾನು ಹೇಳಲು ಕಾರಣ ಇದೆ. ಒಂದು ವರ್ಷ ಜೂನ್ 5ರ ಪರಿಸರ ದಿನಕ್ಕೆ ನಮ್ಮ ಶಾಲೆಯಲ್ಲಿ ನೂರು ಸಸಿ ಹಚ್ಚಿಸಿದೆ. ಬ್ಯಾನರ್, ಭಾಷಣ, ಫೋಟೊ ಎಲ್ಲ ಆಯಿತು. ಮುಂಗಾರು ಇನ್ನೂ ಸರಿಯಾಗಿ ಹಿಡಿದಿರಲಿಲ್ಲ. ಮೊದಲ ಹದಿನೈದು ದಿನದಲ್ಲಿ ಕಾಲುಭಾಗ ಒಣಗಿತು. ಉಳಿದದ್ದರಲ್ಲಿ ಆಡು ಮೇಯ್ದದ್ದು ಕೆಲವು. ಏಪ್ರಿಲ್, ಮೇ ರಜೆಯಲ್ಲಿ ನೀರು ಹಾಕುವವರಿಲ್ಲದೆ ಸತ್ತದ್ದು ಬಹಳ. ಮುಂದಿನ ಜೂನ್ 5ಕ್ಕೆ ಎಣಿಸಿದರೆ ಏಳು. ಅದೇ ಗುಂಡಿಗಳಲ್ಲಿ ಮತ್ತೆ ನೂರು ಹಚ್ಚಿ ಅಂತ ಮೇಲಿನಿಂದ ಸುತ್ತೋಲೆ ಬಂತು. ಮಕ್ಕಳು ಕೇಳಲಿಲ್ಲ, ಆದರೆ ಅವರ ಮುಖದಲ್ಲಿ ಪ್ರಶ್ನೆ ಇತ್ತು. ಆ ವರ್ಷದಿಂದ ಹತ್ತೇ ಸಸಿ. ಜುಲೈ ಮಳೆ ನೆಲಕ್ಕೆ ಇಳಿದ ಮೇಲೆ ಹಚ್ಚುವುದು, ಮೂರು ಬೇಸಿಗೆ ನೀರು ಹಾಕುವುದು, ಒಂದೊಂದಕ್ಕೂ ಶಾಲೆಯ ಹತ್ತಿರ ಮನೆ ಇರುವ ಇಬ್ಬರು ಮಕ್ಕಳು. ಹತ್ತರಲ್ಲಿ ಎಂಟು ಉಳಿದವು.

ನಿಮ್ಮ ಅತ್ತೆಯವರ ವಿಷಯಕ್ಕೆ ಬರೋಣ. ಅವರನ್ನು ಎದುರಾಳಿ ಮಾಡಿಕೊಳ್ಳಬೇಡಿ. ನಿಮ್ಮ ಮನೆಯಲ್ಲಿ ಇರುವ ಪರಿಸರದ ಮೇಷ್ಟ್ರು ಅವರೇ. ಅವರು ಹುಡುಗಿಯಾಗಿದ್ದಾಗ ಮಣ್ಣೆತ್ತಿನ ಅಮಾವಾಸ್ಯೆಗೆ ಹಳ್ಳದಿಂದ ಮಣ್ಣು ತಂದು ಎತ್ತು ಮಾಡಿರುತ್ತಾರೆ. ಆಷಾಢದ ಮಂಗಳವಾರಗಳಲ್ಲಿ ಮಣ್ಣಿನಲ್ಲಿ ಗುಳ್ಳವ್ವನ ಮೂರ್ತಿ ಮಾಡಿ, ಸಿಂಗರಿಸಿ, ಗೆಳತಿಯರ ಜತೆ ಮನೆಮನೆಗೆ ಹಾಡುತ್ತಾ ಹೋಗಿರುತ್ತಾರೆ. ಸುಮ್ನೆ ಒಂದು ಸಲ ಕೇಳಿ. "ಮಣ್ಣು ಮುಟ್ಟಬ್ಯಾಡ" ಅನ್ನುವ ಬಾಯಲ್ಲೇ ಯಾವ ಮಣ್ಣು ಬಿರಿಯುತ್ತದೆ, ಯಾವುದು ಹಿಡಿತಕ್ಕೆ ಬರುತ್ತದೆ, ಎಷ್ಟು ನಾದಬೇಕು ಎಲ್ಲ ಬರುತ್ತದೆ. ಈ ಸಲ ಪೇಟೆಯಿಂದ ಎತ್ತು ಕೊಳ್ಳಬೇಡಿ. ಎರೆಮಣ್ಣು ತಂದು ಅಜ್ಜಿಯ ಮುಂದೆ ಇಡಿ, ಮೊಮ್ಮಕ್ಕಳನ್ನು ಪಕ್ಕಕ್ಕೆ ಕೂರಿಸಿ, ನೀವು ಆಫೀಸಿಗೆ ಹೋಗಿ. ಕೆಲವು ಮನೆಗಳಲ್ಲಿ ಗುಳ್ಳವ್ವನಿಗೆ ಗುಲಗಂಜಿ ಹಚ್ಚುತ್ತಾರೆ. ನೋಡಲು ಚಂದ, ಆದರೆ ಆ ಕಾಳು ಜಗಿದರೆ ಕಡು ವಿಷ. ಚಿಕ್ಕವಳ ಕೈಗೆ ಅದು ಬೇಡ.

ಅಜ್ಜಿಯ ಹೆದರಿಕೆಗೂ ಕಾರಣ ಇದೆ. ನಾಯಿ, ಬೆಕ್ಕು ಹೊಲಸು ಮಾಡಿದ ಮಣ್ಣು ಬೇಡ. ಧನುರ್ವಾಯು ಲಸಿಕೆ ಸರಿಯಾಗಿ ಆಗಿರಲಿ. ಆಟ ಮುಗಿದ ಮೇಲೆ ಸಾಬೂನು ಹಚ್ಚಿ ಕೈ ತೊಳೆಯಲಿ. ಇಷ್ಟಾದರೆ ಸಾಕು. ಕಲ್ಲು ಎತ್ತುವಾಗ ತಮ್ಮ ಕಡೆಯ ಅಂಚನ್ನು ಎತ್ತಬಾರದು, ದೂರದ ಅಂಚನ್ನು ಕೋಲಿನಿಂದ ಎತ್ತಿ ತಮ್ಮ ಕಡೆ ಹೊರಳಿಸಬೇಕು. ಚೇಳೋ ಹಾವೋ ಇದ್ದರೆ ಆಚೆ ಕಡೆ ಹೋಗುತ್ತದೆ. ಇದನ್ನು ನಾನು ಎಂಟನೇ ಕ್ಲಾಸಿನ ಮೊದಲ ದಿನವೇ ಹೇಳಿಕೊಡುತ್ತಿದ್ದೆ. ಹಾವಿನ ಹೆದರಿಕೆ ಇರಲಿ, ಒಳ್ಳೆಯದೇ. ಕಂಡ ಕೂಡಲೇ ಹೊಡೆಯಬೇಕು ಅನ್ನುವುದು ಬೇಡ, ಅಷ್ಟೇ.

ಸೀಗಿ ಹುಣ್ಣಿಮೆಗೆ ಊರಿನ ಹೊಲಕ್ಕೆ ಹೋಗುವ ರೂಢಿ ನಿಮ್ಮಲ್ಲಿ ಇದ್ದರೆ ದಯವಿಟ್ಟು ತಪ್ಪಿಸಬೇಡಿ. ಬಸುರಿಯಾದ ಭೂತಾಯಿಗೆ ಉಣಿಸುವ ಹಬ್ಬ ಅದು. ಚರಗ, ಅಂದ್ರೆ ಎಡೆಯ ಅಡುಗೆಯನ್ನು ಹೊಲದ ತುಂಬ ಚೆಲ್ಲುವಾಗ ಹಕ್ಕಿಗೆ, ಹುಳಕ್ಕೆ, ಇಲಿಗೆ ಎಲ್ಲಕ್ಕೂ ಪಾಲು ಹೋಗುತ್ತದೆ. ಆ ಚರಗದ ಬುಟ್ಟಿ ಮಗನ ಕೈಗೆ ಕೊಡಿ. ಬೇರೆ ಭಾಷಣ ಬೇಡ. ನವಲಗುಂದ, ಅಣ್ಣಿಗೇರಿ ಕಡೆ ಎರೆ ಹೊಲ ಇದ್ದವರು ಬೇಸಿಗೆಯಲ್ಲೂ ಒಮ್ಮೆ ಕರೆದುಕೊಂಡು ಹೋಗಿ. ನೆಲ ಬಿರುಕು ಬಿಟ್ಟಿರುತ್ತದೆ. ಆ ಬಿರುಕಿನಲ್ಲಿ ಕೋಲು ಇಳಿಸಿ ಎಷ್ಟು ಆಳ ಹೋಯಿತು ಅಂತ ಅಳೆಯುವ ಆಟ ನನ್ನ ವಿದ್ಯಾರ್ಥಿಗಳಿಗೆ ಬಹಳ ಇಷ್ಟ. ಎರೆಮಣ್ಣಿನ ಜೇಡಿ ನೀರು ಕುಡಿದು ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಮಳೆ ಬಿದ್ದ ವಾರಕ್ಕೆ ಅದೇ ಜಾಗಕ್ಕೆ ಹೋದರೆ ಬಿರುಕು ಮಾಯ, ಕಾಲಿಗೆ ಎರಡು ಕಿಲೋ ಮಣ್ಣು.

ಗುರುತು ಆದ ಮೇಲೆ ಕಾಪಾಡುವುದು ಹೇಗೆ ಬರುತ್ತದೆ ಅನ್ನುವುದನ್ನು ನಾನು ಕಂಡದ್ದು ಒಂದು ಮಾರ್ಚ್ ತಿಂಗಳಲ್ಲಿ. ಎಂಟನೇ ಕ್ಲಾಸಿನ ಹುಡುಗರು ಕ್ರಿಕೆಟ್ ಆಡುತ್ತಿದ್ದರು. ಬೌಂಡರಿ ದಾಟಿದ ಚೆಂಡು ತರಲು ಹೋದವನ ತಲೆಯ ಮೇಲೆ ಒಂದು ಟಿಟ್ಟಿಭ ಕಿರುಚುತ್ತಾ ಎರಗಿತು. ಹುಡುಗ ಓಡಿ ಬಂದ. "ಸರ್, ತತ್ತಿ ಅದಾವ್ರೀ" ಅಂದ. ಹೋಗಿ ನೋಡಿದೆ. ಗೂಡು ಅನ್ನುವಂಥದ್ದು ಏನೂ ಇಲ್ಲ. ನೆಲದಲ್ಲಿ ಅಂಗೈಯಷ್ಟು ತಗ್ಗು, ಸುತ್ತ ಸಣ್ಣ ಹರಳು. ನಾಲ್ಕು ತತ್ತಿ. ಚೂಪು ತುದಿ ಒಳಗೆ, ದಪ್ಪ ತುದಿ ಹೊರಗೆ, ಹೂವಿನ ಎಸಳು ಜೋಡಿಸಿದ ಹಾಗೆ. ಮಣ್ಣಿನದೇ ಬಣ್ಣ, ಮೇಲೆ ಮಸಿ ಚಿಮುಕಿಸಿದಂತೆ ಚುಕ್ಕೆ. ಕಣ್ಣು ಆಚೆ ಮಾಡಿ ಮತ್ತೆ ನೋಡಿದರೆ ಹುಡುಕಬೇಕು.

ನಾನು ಏನೂ ಹೇಳಲಿಲ್ಲ. ಹುಡುಗರೇ ಮಾತಾಡಿಕೊಂಡರು. ಒಬ್ಬ ಮನೆಗೆ ಒಯ್ದು ಕೋಳಿ ಕೆಳಗೆ ಇಡೋಣ ಅಂದ. ಇನ್ನೊಬ್ಬ ಬೇಲಿ ಹಾಕೋಣ ಅಂದ. ಬೇಲಿ ಹಾಕಿದರೆ ಆಚೆ ಓಣಿಯವರಿಗೆ ತಾನಾಗಿ ಗೊತ್ತಾಗುತ್ತದೆ ಅಂತ ಮೂರನೆಯವನು. ಕೊನೆಗೆ ಬೌಂಡರಿಯನ್ನೇ ಇಪ್ಪತ್ತು ಹೆಜ್ಜೆ ಒಳಗೆ ಸರಿಸಿದರು. ಆಟ ಸಣ್ಣದಾಯಿತು, ಸಿಕ್ಸರ್ ಜಾಸ್ತಿ ಆದವು, ಜಗಳವೂ ಜಾಸ್ತಿ. ಆದರೆ ಗೆರೆ ದಾಟಲಿಲ್ಲ. ಮಧ್ಯಾಹ್ನದ ಬಿಸಿಲಿಗೆ ಹಕ್ಕಿ ನಲ್ಲಿಯ ಕೆಳಗಿನ ಕೊಚ್ಚೆಯಲ್ಲಿ ಹೊಟ್ಟೆಯ ಪುಕ್ಕ ನೆನೆಸಿಕೊಂಡು ಬಂದು ತತ್ತಿಯ ಮೇಲೆ ಕೂರುತ್ತಿತ್ತು. ತತ್ತಿ ತಂಪಾಗಲಿ ಅಂತ. ಅದನ್ನು ಕಂಡುಹಿಡಿದವರೂ ಹುಡುಗರೇ. ನಲ್ಲಿ ಪೂರ್ತಿ ಬಿಗಿ ಮಾಡಬೇಡ ಅಂತ ಶಾಲೆಯ ಸಿಪಾಯಿಗೆ ತಾಕೀತು ಮಾಡಿದರು! ಟಿಟ್ಟಿಭದ ಕಾವು ಸುಮಾರು 28 ದಿನ. ಪರೀಕ್ಷೆ ಮುಗಿಯುವ ಹೊತ್ತಿಗೆ ಮೂರು ಮರಿ ಹೊರಬಂದವು. ಒಂದು ತತ್ತಿ ಕೆಟ್ಟಿತು. ಮರಿಗಳು ಒಣಗಿದ ಕೂಡಲೇ ಕಾಲೆಳೆದುಕೊಂಡು ನಡೆದೇ ಬಿಟ್ಟವು. ಮೊದಲು ಓಡಿ ಬಂದ ಆ ಹುಡುಗ ಈಗ ಟ್ರ್ಯಾಕ್ಟರ್ ಗ್ಯಾರೇಜ್ ಇಟ್ಟಿದ್ದಾನೆ. ಸಿಕ್ಕಾಗಲೆಲ್ಲ ಆ ತತ್ತಿಗಳ ಸುದ್ದಿ ತೆಗೆಯುತ್ತಾನೆ. ನಾನು ಕಲಿಸಿದ ಬೆಳಕಿನ ವಕ್ರೀಭವನ ಅವನಿಗೆ ಒಂದಕ್ಷರ ನೆನಪಿಲ್ಲ.

ನಿಮ್ಮ ಅಪಾರ್ಟ್‌ಮೆಂಟಿನಲ್ಲಿ ಟಿಟ್ಟಿಭ ಸಿಗದಿರಬಹುದು, ಗೊರವಂಕದ ಮರಿ ಕೆಳಗೆ ಬಿದ್ದದ್ದು ಸಿಗುತ್ತದೆ. ಪುಕ್ಕ ಬಂದು ಕುಪ್ಪಳಿಸುವ ಮರಿಯಾದರೆ ಅದು ಹಾರಲು ಕಲಿಯುತ್ತಿದೆ, ತಾಯಿ ಹತ್ತಿರದಲ್ಲೇ ಇದೆ. ಬೆಕ್ಕಿಗೆ ಸಿಗದಂತೆ ಕೊಂಬೆಯ ಮೇಲೆ ಇಟ್ಟು ದೂರ ಬನ್ನಿ. ಪುಕ್ಕ ಇಲ್ಲದ ಮರಿಯಾದರೆ ಗೂಡಿಗೆ ಸೇರಿಸಿ. ಮನುಷ್ಯರು ಮುಟ್ಟಿದರೆ ತಾಯಿ ಬಿಟ್ಟುಬಿಡುತ್ತದೆ ಅನ್ನುವುದು ಸುಳ್ಳು. ಹಾಲು ಕುಡಿಸಬೇಡಿ. ಗಿಳಿ ಬೇಕು ಅಂತ ಹಟ ಮಾಡಿದರೆ ಪಂಜರದ ಗಿಳಿ ಕೊಡಿಸಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅದು ಅಪರಾಧ. ಬಾಲ್ಕನಿಯಲ್ಲಿ ಅಗಲ ಬಾಯಿಯ ಮಣ್ಣಿನ ತಟ್ಟೆಯಲ್ಲಿ ನೀರಿಡಿ, ಎರಡು ದಿನಕ್ಕೊಮ್ಮೆ ತಿಕ್ಕಿ ತೊಳೆಯಿರಿ. ಇಲ್ಲವಾದರೆ ಸೊಳ್ಳೆ ಸಾಕಿದ ಹಾಗಾಗುತ್ತದೆ. ತೊಳೆಯುವ ಕೆಲಸ ಮಗನದೇ ಆಗಲಿ.

ದೂರದ ತಿರುಗಾಟ ವರ್ಷಕ್ಕೆ ಎರಡು ಸಾಕು. ಒಂದು ಮಾಗಡಿ ಕೆರೆ. ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕು, ಲಕ್ಷ್ಮೇಶ್ವರದ ಹತ್ತಿರ. ಮಂಗೋಲಿಯಾ, ಟಿಬೆಟ್ ಕಡೆಯ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಚಳಿಗಾಲಕ್ಕೆ ಇಲ್ಲಿಗೆ ಬರುತ್ತವೆ. ಬಿಳಿ ತಲೆ, ಹಿಂದೆ ಎರಡು ಕಪ್ಪು ಪಟ್ಟೆ. 2024ರಲ್ಲಿ ಈ ಕೆರೆಗೆ ರಾಮ್ಸಾರ್ ಮಾನ್ಯತೆ, ಅಂದ್ರೆ ಜಗತ್ತಿನ ಮಹತ್ವದ ಜೌಗು ನೆಲೆ ಅನ್ನುವ ಮನ್ನಣೆ ಸಿಕ್ಕಿತು. ಡಿಸೆಂಬರ್, ಜನವರಿಯಲ್ಲಿ ಹೋಗಿ. ಹಿಮಾಲಯ ದಾಟಿ ಬಂದ ಹಕ್ಕಿ ಸುತ್ತಲಿನ ಹೊಲಗಳಲ್ಲಿ ಮೇಯುತ್ತದೆ ಅಂತ ಮಗನಿಗೆ ಹೇಳಿ. ಆಗ ಅವನ ಯೂಟ್ಯೂಬ್ ಭೂಗೋಳಕ್ಕೂ ನಮ್ಮ ಶೇಂಗಾ ಹೊಲಕ್ಕೂ ನಂಟು ಬೀಳುತ್ತದೆ. ಡ್ರೋನ್, ಚಪ್ಪಾಳೆ, ಸೆಲ್ಫಿಗೆ ನೀರಿನ ಹತ್ತಿರ ಇಳಿಯುವುದು ಇವು ಬೇಡ.

ಇನ್ನೊಂದು ರಾಣೆಬೆನ್ನೂರು. 1974ರಲ್ಲಿ ಅಲ್ಲಿ ಕೃಷ್ಣಮೃಗ ಅಭಯಾರಣ್ಯ ಆಯಿತು, ಸುಮಾರು 119 ಚದರ ಕಿಲೋಮೀಟರ್. ಹಿಂದೆ ಅಲ್ಲಿ ಹುಲ್ಲುಬಯಲಿನ ದೊಡ್ಡ ಹಕ್ಕಿ ಹೆಬ್ಬಕವೂ ಇತ್ತು. ಇಲ್ಲಿ ಮಗನಿಗೆ ಎರಡು ಕಷ್ಟದ ಮಾತು ಹೇಳಬೇಕಾಗುತ್ತದೆ. ಮುಚ್ಚಿಡಬೇಡಿ.

ಮೊದಲನೆಯದು, ಎಲ್ಲ ಕಡೆ ಗಿಡ ಹಚ್ಚುವುದೇ ಪರಿಸರ ಅಂತ ಅವನ ಪಠ್ಯಪುಸ್ತಕ, ಪೋಸ್ಟರು ಎಲ್ಲ ಹೇಳಿವೆ. ಚಿಗರಿಗೆ ದಟ್ಟ ಗಿಡ ಬೇಡ. ಅದು ಹುಲ್ಲಿನ ಬಯಲಿನ ಪ್ರಾಣಿ. ದೂರದವರೆಗೆ ಕಾಣಬೇಕು, ಓಡಲು ಜಾಗ ಬೇಕು. ಅಂಥ ಬಯಲನ್ನು 'ಬಂಜರು' ಅಂತ ಕರೆದು ನೀಲಗಿರಿ ಹಚ್ಚಿದ್ದೇವೆ, ಆ ಅಭಯಾರಣ್ಯದ ಒಳಗೂ ಸಹ. ನೀಲಗಿರಿಯ ಕಥೆ ನಮ್ಮ ಕಡೆಯವರಿಗೆ ಹೊಸದೇನಲ್ಲ. ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ 1987ರ ನವೆಂಬರ್ 14ರಂದು ಜನ ಊರ ಸಾಮೂಹಿಕ ಭೂಮಿಯಲ್ಲಿ ಹಚ್ಚಿದ್ದ ನೀಲಗಿರಿ ಸಸಿಗಳನ್ನು ಕಿತ್ತು, ಅಲ್ಲಿ ಊರಿಗೆ ಬೇಕಾದ ಹಣ್ಣಿನ, ಮೇವಿನ ಸಸಿ ಹಚ್ಚಿದರು. ಕಿತ್ತಿಕೋ-ಹಚ್ಚಿಕೋ ಸತ್ಯಾಗ್ರಹ ಅಂತ ಅದರ ಹೆಸರು. ಹಾನಗಲ್ ಇರುವ ಈಗಿನ ಹಾವೇರಿ ಜಿಲ್ಲೆ ಆಗ ಧಾರವಾಡ ಜಿಲ್ಲೆಯಲ್ಲೇ ಇತ್ತು. ಮಕ್ಕಳ ದಿನದಂದು ದೊಡ್ಡವರು ಸಸಿ ಕಿತ್ತು ಪರಿಸರ ಉಳಿಸಿದರು ಅಂದ್ರೆ ಮಕ್ಕಳು ಕಣ್ಣರಳಿಸುತ್ತಾರೆ. ಯಾವ ಗಿಡ, ಎಲ್ಲಿ, ಯಾರಿಗಾಗಿ ಅಂತ ಕೇಳುವ ಅಭ್ಯಾಸ ಅಲ್ಲಿಂದ ಶುರು.

ಎರಡನೆಯದು, ಚಿಗರಿ ಹಿಂಡು ಎಳೆ ಪೈರಿಗೆ ನುಗ್ಗಿದರೆ ರೈತನ ಬಿತ್ತನೆ ಹೋದಂತೆಯೇ. ಅರಣ್ಯ ಇಲಾಖೆ ಪರಿಹಾರ ಕೊಡುತ್ತದೆ, ಆದರೆ ಅರ್ಜಿ ಹಾಕಿ ಕಾಯಬೇಕು. ಅಭಯಾರಣ್ಯದ ಗೇಟಿನಿಂದ ವಾಪಸ್ ಬರುವಾಗ ದಾರಿಯಲ್ಲಿ ಚಹಾದಂಗಡಿಯಲ್ಲಿ ನಿಲ್ಲಿ. ಅಲ್ಲಿ ಕೂತ ರೈತರನ್ನು ಮಗನೇ ಕೇಳಲಿ, "ಕಾಕಾ, ಚಿಗರಿ ನಿಮ್ ಹೊಲಕ್ಕ ಬರ್ತಾವ್ರೀ?" ಬೈಗುಳವೂ ಬರಬಹುದು. ಬರಲಿ. ರಾತ್ರಿ ಕಂಬಳಿ ಹೊದ್ದು ಹೊಲ ಕಾಯುವವರ ಮಾತು ಕೇಳದೆ ಬರೀ ಚಿಗರಿಯ ಫೋಟೊ ತೆಗೆದುಕೊಂಡು ಬಂದರೆ ಅರ್ಧ ನೋಡಿದಂತೆ. ಮಗ ಹೈಸ್ಕೂಲಿಗೆ ಬಂದಾಗ ಕಪ್ಪತಗುಡ್ಡಕ್ಕೆ ಕರೆದುಕೊಂಡು ಹೋಗಿ. ಗಣಿಗಾರಿಕೆ ಬೇಡ ಅಂತ ಗದಗಿನ ಜನ ವರ್ಷಗಟ್ಟಲೆ ಬೀದಿಗಿಳಿದ ಮೇಲೆ 2019ರಲ್ಲಿ ಅದು ವನ್ಯಜೀವಿ ಧಾಮವಾದ ಕಥೆ ಆಗ ಅವನಿಗೆ ತಿಳಿಯುತ್ತದೆ. ಈಗ ಬೇಡ.

ಶಿಬಿರ? ದುಡ್ಡಿದ್ದರೆ ಕಳಿಸಿ, ಇಲ್ಲದಿದ್ದರೆ ಬಿಡಿ. ಹತ್ತು ದಿನದ ಶಿಬಿರದಲ್ಲಿ ಗೆಳೆಯರು ಸಿಗುತ್ತಾರೆ, ಅದು ಲಾಭ. ಕಳಿಸುವ ಮೊದಲು ಒಂದೇ ಪ್ರಶ್ನೆ ಕೇಳಿ: ದಿನಕ್ಕೆ ಎಷ್ಟು ಹೊತ್ತು ಹಾಲ್‌ನೊಳಗೆ, ಎಷ್ಟು ಹೊತ್ತು ಹೊರಗೆ? ಒಳಗೇ ಜಾಸ್ತಿ ಅಂದ್ರೆ ಮನೆಯ ಬಾಲ್ಕನಿಯೇ ಮೇಲು. ವಿಡಿಯೋ ಪೂರ್ತಿ ಬಿಡಿಸುವ ಹಟವೂ ಬೇಡ. ನೋಡಿದ ಹಕ್ಕಿಯ ಹೆಸರು ಹುಡುಕಲು ಅದೇ ಫೋನು ಬೇಕಾಗುತ್ತದೆ.

ನಿಮ್ಮಿಬ್ಬರಿಗೆ ಹೊತ್ತಿಲ್ಲ ಅನ್ನುವುದು ನನಗೆ ಅರ್ಥವಾಗುತ್ತದೆ. ನಾನು ಹೇಳಿದ್ದೆಲ್ಲ ಮಾಡಬೇಡಿ. ಮಾಡಲು ಹೋದರೆ ಅದೂ ಒಂದು ಟ್ಯೂಷನ್ ಆಗುತ್ತದೆ, ಮಗ ಗಿಡ ಕಂಡರೆ ಓಡುತ್ತಾನೆ. ಸಂತೆಗೆ ಹೋಗುವಾಗ ಬಟ್ಟೆ ಚೀಲ ನೀವು ಮರೆಯದೆ ಒಯ್ಯಿರಿ, ಅವನಿಗೆ ಹೇಳುವುದು ಬೇಡ. ಈ ಭಾನುವಾರಕ್ಕೆ ಇರುವೆ ಮತ್ತು ಗೇಟಿನ ಮುಂದಿನ ಗಿಡ, ಇವೆರಡೇ ಸಾಕು. ಒದ್ದೆ ಬೆರಳಿನ ಗೆರೆ ದಾಟಲು ಮೊದಲ ಇರುವೆಗೆ ಎಷ್ಟು ನಿಮಿಷ ಹಿಡಿಯಿತು ಅಂತ ಮಗನ ಕೈಯಿಂದಲೇ ಬರೆಸಿ ಕಳಿಸಿ. ನನ್ನ ಮನೆಯ ಕಟ್ಟೆಯ ಮೇಲೆ ನಾಲ್ಕು ನಿಮಿಷ ಹಿಡಿದಿತ್ತು, ನಿಮ್ಮಲ್ಲಿ ಎಷ್ಟೋ ನೋಡೋಣ.